ಕಾಕಾನ ಏಳುನೂರು ರೂಪಾಯಿ

ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯ ನವೀಕರಣಕ್ಕೆಂದು ಕಾಕಾನನ್ನು ಊರ ಸೊಸೈಟಿಗೆ ಕರೆದೊಯ್ದ ದಿನ ಹೊಲದಲ್ಲಿ ಕಡಲೆ ಕೀಳುವ ಕೆಲಸ ನಡೆದಿತ್ತು. ಅರ್ಧ ದಿನ ಕೆಟ್ಟಿತೆಂದು ಅವನಿಗೆ ಮೊದಲೇ ಸಿಟ್ಟು. ಅದರ ಮೇಲೆ ಪಾಳಿ ಬೇವಿನ ಗಿಡದವರೆಗೆ ಬೆಳೆದಿತ್ತು.

"ಎರಡು ವರ್ಷ ಕಟ್ಟಿದೆ. ಮನೆಯಲ್ಲಿ ಒಬ್ಬರಿಗೂ ಒಂದು ಹೊಲಿಗೆ ಬೀಳಲಿಲ್ಲ. ದುಡ್ಡು ಹೊಳೆಗೆ ಹಾಕಿದಂತಾಯಿತು" ಎಂದು ಗೊಣಗಿದ.

ಹಳ್ಳಿಯ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿಗೆ ಇರುವ ಪ್ರತಿಯೊಬ್ಬರಿಗೆ 100. ಕಾಕಾನ ಮನೆಯಲ್ಲಿ ಆರು ಜನ. 700 ರೂಪಾಯಿಗೆ 5 ಲಕ್ಷದವರೆಗಿನ ಚಿಕಿತ್ಸೆ. ಆದರೆ 2003ರಲ್ಲಿ ಯೋಜನೆ ಶುರುವಾದಾಗ ತಲೆಗೆ 60 ಇದ್ದದ್ದು ಅವನಿಗೆ ಮರೆತಿಲ್ಲ. "ಆಗಿನ ದರವಾದರೆ 360ಕ್ಕೆ ಮುಗಿಯುತ್ತಿತ್ತು." 2018ರಲ್ಲಿ ಅದು ನಿಂತುಹೋಗಿ ನಾಲ್ಕು ವರ್ಷ ಇರಲೇ ಇಲ್ಲವೆಂಬುದನ್ನು ಮಾತ್ರ ಜಾಣತನದಿಂದ ಮರೆತಿದ್ದ.

ನಮ್ಮ ಹಿಂದೆ ನಿಂತವನೊಬ್ಬ ಕೆಂಡ ಕಾರುತ್ತಿದ್ದ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ 5 ಲಕ್ಷದವರೆಗೆ ಪುಕ್ಕಟೆ, ನಾವೇಕೆ ಕೈಯಿಂದ ಕಟ್ಟಬೇಕು ಎಂದು. ನಾನು ಬೇವಿನ ಗಿಡ ನೋಡುತ್ತ ನಿಂತೆ. ಹಿಂದೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹೆಂಡತಿಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ ನಾನೂ ಇದೇ ಮಾತನ್ನು ಇದಕ್ಕಿಂತ ದೊಡ್ಡ ದನಿಯಲ್ಲಿ ಆಡಿದ್ದೆ. ಎಪಿಎಲ್ ಕಾರ್ಡಿನವರಿಗೆ ಆರೋಗ್ಯ ಕರ್ನಾಟಕದಲ್ಲಿ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಉಳಿದದ್ದು ನಮ್ಮದೇ. ತೆರಿಗೆ ಕಟ್ಟುವವನು ನಾನು, ಎಂದು ಕೌಂಟರಿನವನ ಮೇಲೆ ಹರಿಹಾಯ್ದಿದ್ದೆ. ಪಕ್ಕದ ಬೆಂಚಿನಲ್ಲಿ ಬಿಪಿಎಲ್ ಕಾರ್ಡ್ ಹಿಡಿದು ಕೂತಿದ್ದ ಹಾವೇರಿ ಕಡೆಯವನ ಮೊಬೈಲಿಗೆ ಎಷ್ಟು ಕ್ಯಾಮೆರಾ ಇವೆ ಎಂದು ಎಣಿಸಿದ್ದೂ ನೆನಪಿದೆ. ಮೂರಿದ್ದವು. ಅವನ ತೊಡೆಯ ಮೇಲೆ ಮಲಗಿದ್ದ ಮಗುವಿಗೆ ಏನಾಗಿತ್ತೆಂದು ಕೇಳಲಿಲ್ಲ.

ಪಾಳಿ ಬಂತು. ಕಾರ್ಯದರ್ಶಿಯ ತಲೆಯ ಮೇಲೆ, ಮಾಸಿದ ಗಾಜಿನೊಳಗೆ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಫೋಟೊ. 1905ರಲ್ಲಿ ನಮ್ಮದೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದವರು. ಅವರ ಎದುರಿಗೇ ಕಾಕಾ ಚೌಕಾಸಿಗೆ ಇಳಿದ.

"ಇಬ್ಬರು ಗಂಡುಮಕ್ಕಳ ಹೆಸರು ಬಿಡು ತಮ್ಮಾ. ಕಲ್ಲು ತಿಂದು ಕರಗಿಸುತ್ತಾರೆ. ನಾಲ್ಕೇ ಬರೆ."

ಕಾರ್ಯದರ್ಶಿ ಪೆನ್ನು ಕೆಳಗಿಟ್ಟ. "ಗಟ್ಟಿ ಇದ್ದವರನ್ನೆಲ್ಲ ಬಿಡಿಸಿದರೆ ಗಂಟಿಗೆ ದುಡ್ಡು ಹಾಕುವವರು ಯಾರು ಯಜಮಾನರೇ? ಜಾತ್ರೆಯ ಪಟ್ಟಿ ಕೊಡುವಾಗ ಯಾರು ಎಷ್ಟು ಉಣ್ಣುತ್ತಾರೆಂದು ನೋಡಿ ಕೊಡುತ್ತೀರೇನು?"

"ಜಾತ್ರೆಯಲ್ಲಿ ಊಟವಾದರೂ ಸಿಗುತ್ತದೆ" ಎಂದ ಕಾಕಾ. ಪಾಳಿಯೆಲ್ಲ ನಕ್ಕಿತು. ನಗು ತನ್ನ ಕಡೆಗೋ ಕಾರ್ಯದರ್ಶಿಯ ಕಡೆಗೋ ಎಂದು ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬನಿಯನ್ನಿನ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದ. ನೂರರ ಏಳು ನೋಟು, ಬೆವರಿಗೆ ಒಂದಕ್ಕೊಂದು ಅಂಟಿದ್ದವು. ಎರಡು ಸಲ ಎಣಿಸಿ ಕೊಟ್ಟ. ರಸೀದಿಯನ್ನು ಗಂಟಿಗೆ ಸೇರಿಸುತ್ತ ಮತ್ತೆ ಕಿಟಕಿಗೆ ಬಗ್ಗಿದ.

"ತಮ್ಮಾ, ನಮ್ಮ ಮನೆಯಲ್ಲಿ ವರ್ಷವಿಡೀ ಔಷಧ ಕುಡಿಯುವುದು ಎಮ್ಮೆ. ಅದರ ಹೆಸರು ಬರೆಯುವುದು ಎಲ್ಲಿ?"