ಕ್ಯಾರಿ ಗ್ರಾಂಟ್ ಎಲ್ಲ ಚಿತ್ರಗಳಲ್ಲೂ ಒಂದೇ ತರಹ ಇರುತ್ತಾರಲ್ಲವೇ?

ಹಳೆಯ ಹಾಲಿವುಡ್ ಚಿತ್ರಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಹೀಗೆ ಕೇಳುತ್ತಾರೆ: "ಕ್ಯಾರಿ ಗ್ರಾಂಟ್ ಯಾವ ಚಿತ್ರದಲ್ಲಿ ನೋಡಿದರೂ ಒಂದೇ ತರಹ. ಅದೇ ಸೂಟು, ಅದೇ ಬೈತಲೆ, ಅದೇ ಮಾತಿನ ಧಾಟಿ. ಅವರನ್ನು ದೊಡ್ಡ ನಟರೆಂದು ಹೇಗೆ ಒಪ್ಪುತ್ತೀರಿ?"

ಪ್ರಶ್ನೆಯ ಮೊದಲರ್ಧ ನಿಜವೇ, ಅದನ್ನು ಅಲ್ಲಗಳೆಯುವ ಗೋಜಿಗೆ ನಾನು ಹೋಗುವುದಿಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದ 'ದಿ ಹೊವರ್ಡ್ಸ್ ಆಫ್ ವರ್ಜೀನಿಯಾ' (1940) ಚಿತ್ರದಲ್ಲಾಗಲಿ, ಸ್ಪೇನಿನ ಬೆಟ್ಟಗುಡ್ಡಗಳಲ್ಲಿ ದೈತ್ಯ ಫಿರಂಗಿಯೊಂದನ್ನು ಎಳೆದೊಯ್ಯುವ 'ದಿ ಪ್ರೈಡ್ ಅಂಡ್ ದಿ ಪ್ಯಾಶನ್' (1957) ಚಿತ್ರದಲ್ಲಾಗಲಿ ಅವರು ಬಾಡಿಗೆ ಬಟ್ಟೆ ತೊಟ್ಟು ಗುರುತಿಲ್ಲದವರ ಮದುವೆಗೆ ಬಂದವರಂತೆ ಕಾಣುತ್ತಾರೆ.

ಆದರೆ ಆ 'ಒಂದೇ ತರಹ' ಎಂಬುದು ಹುಟ್ಟಿನಿಂದ ಬಂದದ್ದಲ್ಲ. 1904ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಬಡ ಮನೆಯೊಂದರಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಲೀಚ್ ಎಂಬ ಹುಡುಗ ದೊಂಬರಾಟದ ತಂಡವೊಂದನ್ನು ಸೇರಿ, 1920ರಲ್ಲಿ ಅದರೊಂದಿಗೆ ಅಮೆರಿಕಕ್ಕೆ ಹೋಗಿ, ಅತ್ತ ಇಂಗ್ಲೆಂಡಿನದೂ ಅಲ್ಲದ ಇತ್ತ ಅಮೆರಿಕದ್ದೂ ಅಲ್ಲದ ಉಚ್ಚಾರಣೆಯೊಂದನ್ನು ರೂಢಿಸಿಕೊಂಡು ಕಟ್ಟಿದ ಪಾತ್ರವೇ ಕ್ಯಾರಿ ಗ್ರಾಂಟ್. 'ಬ್ರಿಂಗಿಂಗ್ ಅಪ್ ಬೇಬಿ' (1938) ಚಿತ್ರದಲ್ಲಿ ನೆಲದ ಮೇಲೆ ಬಿದ್ದ ಆಲಿವ್ ಕಾಯಿಯ ಮೇಲೆ ಕಾಲಿಟ್ಟು ಜಾರಿ, ತನ್ನದೇ ಟೋಪಿಯ ಮೇಲೆ ಕುಕ್ಕರಿಸುವ ವಿಜ್ಞಾನಿಯನ್ನು ನೋಡಿ. ಬೀಳುವುದನ್ನು ವರ್ಷಗಟ್ಟಲೆ ಕಲಿತವರು ಮಾತ್ರ ಹಾಗೆ ಬೀಳಬಲ್ಲರು.

ಈ ಮೋಹಕ ವ್ಯಕ್ತಿತ್ವವನ್ನು ಪೂರ್ತಿ ನಂಬದ ನಿರ್ದೇಶಕರ ಕೈಯಲ್ಲೇ ಗ್ರಾಂಟ್ ಅತ್ಯುತ್ತಮವಾಗಿ ನಟಿಸಿದ್ದಾರೆ ಎಂಬುದು ನನ್ನ ಉತ್ತರದ ತಿರುಳು. ಹೊವರ್ಡ್ ಹಾಕ್ಸ್ ಅವರ 'ಹಿಸ್ ಗರ್ಲ್ ಫ್ರೈಡೇ' (1940) ಚಿತ್ರದ ಪತ್ರಿಕಾ ಸಂಪಾದಕ ತನ್ನ ಮಾಜಿ ಹೆಂಡತಿ ಕೆಲಸ ಬಿಟ್ಟು ಹೋಗದಂತೆ ತಡೆಯಲು, ಅವಳನ್ನು ಮದುವೆಯಾಗಬೇಕಿದ್ದ ಸಾಧು ಮನುಷ್ಯನನ್ನು ಮತ್ತೆ ಮತ್ತೆ ಪೊಲೀಸರ ಕೈಗೆ ಸಿಕ್ಕಿಸುತ್ತಾನೆ. ನಾವು ನಗುತ್ತಲೇ ಇರುತ್ತೇವೆ.

ಹಿಚ್‌ಕಾಕ್ ಅವರ 'ನಟೋರಿಯಸ್' (1946) ಚಿತ್ರದಲ್ಲಿ ಆ ನಗೆಯೂ ಇಲ್ಲ. ಗೂಢಚಾರ ಡೆವ್ಲಿನ್ ಮೊದಲು ಕಾಣಿಸುವುದು ಬೆನ್ನು ತೋರಿಸಿ ಕುಳಿತ ಕಪ್ಪು ಆಕೃತಿಯಾಗಿ. ತಾರೆಯ ಮುಖಕ್ಕೆಂದೇ ಟಿಕೆಟ್ ಕೊಂಡು ಬಂದ ಪ್ರೇಕ್ಷಕರಿಂದ ಆ ಮುಖವನ್ನೇ ಮರೆಮಾಡುತ್ತಾರೆ. ಇಂಗ್ರಿಡ್ ಬರ್ಗ್‌ಮನ್ ಅವರ ಅಲಿಸಿಯಾ ಡೆವ್ಲಿನ್‌ನನ್ನು ಪ್ರೀತಿಸುತ್ತಾಳೆ, ಅವನೂ ಪ್ರೀತಿಸುತ್ತಾನೆ. ಆದರೆ ರಿಯೊ ಡಿ ಜನೈರೊದಲ್ಲಿರುವ ನಾಜಿ ಗುಂಪಿನವನೊಬ್ಬನನ್ನು ಅವಳು ಒಲಿಸಿಕೊಳ್ಳಬೇಕೆಂಬ ಆದೇಶ ಬಂದಾಗ ಅವನು ಬೇಡವೆನ್ನುವುದಿಲ್ಲ. ಬೇಡವೆಂದು ಅವನ ಬಾಯಿಂದ ಬರಲಿ ಎಂದು ಅವಳು ಕಾಯುತ್ತಾಳೆ, ಅವಳೇ ನಿರಾಕರಿಸಲಿ ಎಂದು ಅವನು ಕಾಯುತ್ತಾನೆ. ಇತರ ಚಿತ್ರಗಳಲ್ಲಿ ನಾವು ಮೆಚ್ಚಿದ ಅದೇ ನಿರಾಳ ನಿಲುವು, ಅದೇ ಚುರುಕು ಮಾತು ಇಲ್ಲಿ ಹೊಟ್ಟೆಕಿಚ್ಚಿನ ಹೊದಿಕೆಯಾಗುತ್ತದೆ. ಮುಂದೆ ಅವಳಿಗೆ ದಿನದಿನವೂ ಕಾಫಿಯಲ್ಲಿ ವಿಷ ಬೀಳುತ್ತಿರುವಾಗ, ಅವಳ ಬಾಡಿದ ಮುಖ ಕಂಡು ಕುಡಿತದ ಅಮಲೆಂದೇ ಅವನು ಭಾವಿಸುತ್ತಾನೆ. ಗ್ರಾಂಟ್ ಮುಖದ ಒಂದು ಗೆರೆಯನ್ನೂ ಅತಿಯಾಗಿ ಅಲುಗಿಸುವುದಿಲ್ಲ. ಬೇರೆ ನಟನಾಗಿದ್ದರೆ ಡೆವ್ಲಿನ್‌ನನ್ನು ಅಲ್ಲಿಗೇ ಕೈಬಿಡುತ್ತಿದ್ದೆವೇನೋ.

ಹಿಚ್‌ಕಾಕ್-ಗ್ರಾಂಟ್ ಜೋಡಿಯದೇ ಆದ 'ಸಸ್ಪಿಶನ್' (1941) ಮಾತ್ರ ನನಗೆ ಸೋತ ಚಿತ್ರವೇ. ಮೂಲ ಕಾದಂಬರಿಯಲ್ಲಿ ಗಂಡ ಕೊಲೆಗಾರ. ಚಿತ್ರದಲ್ಲಿ, ವಿಷ ಬೆರೆಸಿರಬಹುದೆಂದು ಹೆಂಡತಿ ಶಂಕಿಸುವ, ಒಳಗೆ ದೀಪವಿಟ್ಟು ಹೊಳೆಸಿದ ಹಾಲಿನ ಲೋಟ ಹಿಡಿದು ಅವನು ಮೆಟ್ಟಿಲು ಹತ್ತುವವರೆಗೂ ನಮ್ಮನ್ನು ನಡುಗಿಸಿ, ಕೊನೆಯ ಕೆಲವೇ ನಿಮಿಷಗಳಲ್ಲಿ ನಿರಪರಾಧಿಯಾಗಿಬಿಡುತ್ತಾನೆ. ಸಂಶಯವನ್ನು ಅಷ್ಟು ಚೆನ್ನಾಗಿ ನಟಿಸಿದವರಿಂದ ಆ ಖುಲಾಸೆಯನ್ನು ನಂಬಿಸಲು ಆಗಲಿಲ್ಲ.

ಆಸ್ಕರ್‌ನವರು ಅವರನ್ನು ನಾಮನಿರ್ದೇಶನ ಮಾಡಿದ್ದು ಎರಡೇ ಬಾರಿ, ಎರಡೂ ಗಂಭೀರ ಪಾತ್ರಗಳಿಗೆ. ಹಾಸ್ಯವನ್ನು ನಟನೆಯೆಂದು ಎಣಿಸದ ಈ ಹಳೆಯ ಕಾಯಿಲೆ ಅಲ್ಲಿಯದು ಮಾತ್ರವಲ್ಲ. 1970ರಲ್ಲಿ ಗೌರವ ಪ್ರಶಸ್ತಿ ಕೊಡುವ ಹೊತ್ತಿಗೆ ಅವರು ನಟನೆ ಬಿಟ್ಟು ನಾಲ್ಕು ವರ್ಷಗಳಾಗಿದ್ದವು.

ನನ್ನ ತಕರಾರು ಇರುವುದು ಆ ನಿವೃತ್ತಿಯ ಬಗೆಗೇ. 'ಶರೇಡ್' (1963) ಚಿತ್ರದಲ್ಲಿ ತಮಗಿಂತ 25 ವರ್ಷ ಚಿಕ್ಕವರಾದ ಆಡ್ರಿ ಹೆಪ್‌ಬರ್ನ್ ಅವರನ್ನು ಬೆನ್ನಟ್ಟುವುದು ಸರಿಕಾಣದೆ, ಅವರೇ ತಮ್ಮ ಬೆನ್ನು ಹತ್ತುವಂತೆ ಗ್ರಾಂಟ್ ಸಂಭಾಷಣೆ ಬದಲಿಸಲು ಹೇಳಿದರು. ವಯಸ್ಸಿನ ಬಗ್ಗೆ ಅಷ್ಟು ಎಚ್ಚರವಿದ್ದವರು 1966ರ ನಂತರ ಮತ್ತೆ ಬಣ್ಣ ಹಚ್ಚಲಿಲ್ಲ. ಇನ್ನೂ 20 ವರ್ಷ ಬದುಕಿದ್ದರು. ಆ ಮೋಹಕ ಮುಖ ಮುಪ್ಪಾಗುವುದನ್ನೇ ವಸ್ತುವಾಗಿಸಿಕೊಂಡ ಒಂದು ಚಿತ್ರವಾದರೂ ಅವರಿಂದ ಬರಬಹುದಿತ್ತು.