ಕೈಗಾ, ಶರಾವತಿ ಮತ್ತು ಎಕರೆಗೆ ಬಾಡಿಗೆ

ಕಲ್ಲಿದ್ದಲಿಗೆ ಪರಮಾಣು ವಿದ್ಯುತ್ ಪರ್ಯಾಯವೇ? ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳಿಗೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಂದ ವಿಷಯ ಇದು. ಅವಳು ಪರವಾಗಿ ಮಾತಾಡಬೇಕಿತ್ತು. ಅದೇ ಸಮಯಕ್ಕೆ ನಾನು ಸಾಗರದ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಅಡಿಕೆ ಕೊಯ್ಲು ಜೋರಾಗಿತ್ತು.

ಸಂಜೆ ತ್ರೀ ಫೇಸ್ ಕರೆಂಟು ಹೋಯಿತು. ಸುಲಿಯುವ ಮಿಷನ್ ನಿಂತಿತು. ಹಸಿ ಅಡಿಕೆ ರಾಶಿ ಹಾಗೇ ಬಿಟ್ಟರೆ ಕೆಡುತ್ತದೆ. ಸರಿ, ಭಾವ ಅಟ್ಟದ ಮೇಲಿದ್ದ ಮೆಟ್ಟುಗತ್ತಿಗಳನ್ನೆಲ್ಲ ಇಳಿಸಿದರು. ಜಗಲಿಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ನಿಂತ ಕತ್ತಿಯ ಬಾಯಿಗೆ ಕಾಯಿ ಕೊಟ್ಟು ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕೈ ಕೆಲಸದಲ್ಲಿ, ಬಾಯಿ ಖಾಲಿ. "ನಿನ್ನ ಭಾಷಣ ಇಲ್ಲೇ ಹೇಳು ನೋಡಾಣ" ಅಂದರು ಭಾವ.

ಮಗು ಚೆನ್ನಾಗಿ ಓದಿಕೊಂಡಿತ್ತು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲೇ ಇಲ್ಲ, ರಾಯಚೂರಿನ ಸ್ಥಾವರಕ್ಕೆ ತೆಲಂಗಾಣ, ಒಡಿಶಾ ಕಡೆಯಿಂದ ರೈಲಿನಲ್ಲಿ ಬರಬೇಕು ಅಂದಳು. ನಮ್ಮ ದೇಶದ ಕಲ್ಲಿದ್ದಲಲ್ಲಿ ಸುಮಾರು ಮೂರನೇ ಒಂದು ಭಾಗ ಬರೀ ಬೂದಿ. ಅದರ ಪಕ್ಕದಲ್ಲಿ ಕಾರವಾರದ ಹತ್ತಿರದ ಕೈಗಾ ಪರಮಾಣು ಸ್ಥಾವರದ ಇಂಧನ ನೋಡಿ ಅಂತ ಎರಡೂ ಕೈ ಅಗಲಿಸಿ ಅಳತೆ ತೋರಿಸಿದಳು. ಅರ್ಧ ಮೀಟರ್ ಉದ್ದದ ಒಂದು ಕಟ್ಟು. ಒಳಗೆ 19 ಕೊಳವೆ, ಕೊಳವೆಯೊಳಗೆ ಯುರೇನಿಯಂ ಬಿಲ್ಲೆಗಳು. ತೂಕ 16 ಕಿಲೋ ಚಿಲ್ಲರೆ, ಒಬ್ಬರೇ ಎತ್ತಬಹುದು. ಒಂದೊಂದು ರಿಯಾಕ್ಟರಿನಲ್ಲೂ ಇಂಥವು 3672 ಇರುತ್ತವೆ. ಒಂದು ಕಟ್ಟು ಉರಿದು ಮುಗಿಯುವಷ್ಟರಲ್ಲಿ ಸುಮಾರು 6 ಲಕ್ಷ ಯೂನಿಟ್ ವಿದ್ಯುತ್ ಕೊಡುತ್ತದೆ. ಅಷ್ಟಕ್ಕೇ ಕಲ್ಲಿದ್ದಲಾದರೆ 400 ಟನ್ ಹತ್ತಿರ ಬೇಕು. ಗೂಡ್ಸ್ ರೈಲಿನ ಆರು ವ್ಯಾಗನ್!

ಇನ್ನೂ ಒಂದು ಮಾತು ಹೇಳಿದಳು, ನನಗೆ ಅದೇ ಮುಖ್ಯ ಅನಿಸಿತು. ಶರಾವತಿ 1035 ಮೆಗಾವ್ಯಾಟಿನ ಜಲವಿದ್ಯುತ್ ಸ್ಥಾವರ. ಆದರೆ ಮಳೆ ಕೈಕೊಟ್ಟರೆ ಅದೂ ಕೈಕೊಡುತ್ತದೆ. 2023ರಲ್ಲಿ ನೋಡಿದೆವಲ್ಲ, ಅದಕ್ಕೆ ನೀರು ಕೊಡುವ ಲಿಂಗನಮಕ್ಕಿ ಜಲಾಶಯ ತುಂಬಲೇ ಇಲ್ಲ, ಅಕ್ಟೋಬರ್‌ನಲ್ಲೇ ಲೋಡ್ ಶೆಡ್ಡಿಂಗ್. ಕೈಗಾದ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟ್, ಹಗಲು ರಾತ್ರಿ ಒಂದೇ ಸಮ. ಅದರ ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತ್ತು.

ಭಾವ ಸುಮ್ನೆ ಕೇಳಿಸಿಕೊಳ್ಳುವವರಲ್ಲ. "ಕೈಗಾ ಬೇಡ ಅಂತ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ನಿಂತಿದ್ರು, ಗೊತ್ತಾ ನಿಂಗೆ? ಕಟ್ಟುವಾಗಲೇ 1994ರಲ್ಲಿ ಗುಮ್ಮಟದ ಒಳಪದರ ಕುಸಿದು ಬಿತ್ತು. ಫುಕುಶಿಮಾ ಆಯ್ತು. ಆ ತ್ಯಾಜ್ಯ ಎಲ್ಲಿ ಇಡ್ತೀರಿ ಹೇಳು ಮೊದಲು."

ಅವಳು ತಡವರಿಸಲಿಲ್ಲ. ಉರಿದ ಕಟ್ಟುಗಳನ್ನು ಸ್ಥಾವರದಲ್ಲೇ ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸುತ್ತಾರೆ, ಆಮೇಲೆ ಮರುಸಂಸ್ಕರಣೆ ಮಾಡಿ ಮತ್ತೆ ಬಳಸಬಹುದಾದ್ದನ್ನು ಬೇರೆ ತೆಗೆಯುತ್ತಾರೆ ಅಂದಳು. ಕೊನೆಗೆ ಉಳಿಯುವುದು ಸ್ವಲ್ಪವೇ, ಆದರೆ ಆ ಸ್ವಲ್ಪ ಸಾವಿರಾರು ವರ್ಷ ಅಪಾಯಕಾರಿ ಅನ್ನುವುದನ್ನೂ ಮುಚ್ಚಿಡಲಿಲ್ಲ. ಕಲ್ಲಿದ್ದಲ ಹೊಗೆಯನ್ನು ಯಾವ ಕೊಳದಲ್ಲೂ ಹಿಡಿದಿಡುವುದಿಲ್ಲವಲ್ಲ ಅಪ್ಪಾ, ಅದು ನೇರ ಎಲ್ಲರ ಎದೆಗೆ ಹೋಗುತ್ತದೆ ಅಂದಳು. ನನಗೂ ಹಾಗೇ ಅನಿಸುತ್ತದೆ. ಒಂದು ಅಪಾಯವನ್ನು ಎಣಿಸಿ, ಅಳೆದು, ಬೀಗ ಹಾಕಿ ಇಟ್ಟಿರುತ್ತೇವೆ. ಇನ್ನೊಂದನ್ನು ದಿನಾ ಉಸಿರಾಡುತ್ತೇವೆ, ಅದಕ್ಕೆ ಹೆದರುವುದೇ ಇಲ್ಲ. ಒಂದು ಯೂನಿಟ್ಟಿಗೆ ಕಲ್ಲಿದ್ದಲಿನಿಂದ 820 ಗ್ರಾಂ ಇಂಗಾಲದ ಡೈಆಕ್ಸೈಡ್, ಪರಮಾಣುವಿನಿಂದ ಗಣಿಗಾರಿಕೆ, ಕಟ್ಟಡ ಎಲ್ಲ ಸೇರಿಸಿ 12 ಗ್ರಾಂ. ವಿಶ್ವಸಂಸ್ಥೆಯ ಹವಾಮಾನದ ಅಂತರ್‌ಸರ್ಕಾರಿ ಸಮಿತಿ (ಐಪಿಸಿಸಿ) 2014ರ ವರದಿಯಲ್ಲಿ ಕೊಟ್ಟ ಮಧ್ಯದ ಅಂದಾಜು ಇದು. ಮಲೆನಾಡಿನ ಮಳೆ ಈಗ ಯಾರ ಲೆಕ್ಕಕ್ಕೂ ಸಿಗುತ್ತಿಲ್ಲ. ಅಂಥದ್ದರಲ್ಲಿ ಈ ವ್ಯತ್ಯಾಸ ದೊಡ್ಡದೇ.

ಅಲ್ಲಿವರೆಗೆ ತುಮರಿ ಕಡೆಯಿಂದ ಸುಲಿಯಲು ಬಂದಿದ್ದ ಅಜ್ಜ ಬಾಯಿ ಬಿಟ್ಟಿರಲಿಲ್ಲ. ಕತ್ತಿಯಿಂದ ಕಣ್ಣು ತೆಗೆಯದೇ ಕೇಳಿದರು. "ತಂಗೀ, ಕರೆಂಟು ಯಾವುದಾದ್ರೂ ಆಗ್ಲಿ. ಜಾಗ ಯಾರದ್ದು?"

ಲಿಂಗನಮಕ್ಕಿ ಕಟ್ಟುವಾಗ ಅವರು ಇನ್ನೂ ಹುಡುಗ. ಮನೆಯ ಹಂಚು, ಬಾಗಿಲು ಕಿತ್ತು ಲಾರಿಗೆ ಹಾಕಿದ್ದು ನೆನಪಿದೆಯಂತೆ. ಗದ್ದೆ, ತೋಟ ನೀರಿನಡಿಗೆ ಹೋಯಿತು. ದನಗಳಲ್ಲಿ ಎರಡನ್ನು ಅಲ್ಲೇ ಬಿಟ್ಟು ಬಂದರಂತೆ, ಲಾರಿಯಲ್ಲಿ ಜಾಗ ಇರಲಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಒಳಗೆ ಮುಳುಗಿದ ಹಳೇ ಹಿರೇಭಾಸ್ಕರ ಆಣೆಕಟ್ಟು ಮೇಲೆ ಕಾಣಿಸುತ್ತದಲ್ಲ, ಜನ ಫೋಟೋ ತೆಗೆಯಲು ಹೋಗುತ್ತಾರೆ. ಅಜ್ಜ ತಮ್ಮ ಗದ್ದೆ ಇದ್ದ ದಿಕ್ಕು ನೋಡಲು ಹೋಗುತ್ತಾರೆ. ಆಗ ಸಿಕ್ಕ ಜಮೀನಿಗೆ ಪಕ್ಕಾ ಹಕ್ಕುಪತ್ರ ಇಂದಿಗೂ ಕೈ ಸೇರಿಲ್ಲ, ಕಾಡಿನ ಜಾಗ ಅನ್ನುವ ತಕರಾರು. ಲಿಂಗನಮಕ್ಕಿ ಆಣೆಕಟ್ಟು 1964ರದ್ದು. ಹಿನ್ನೀರಿನ ಜನ ಲಾಂಚ್ ಕಾಯದೇ ಸಾಗರಕ್ಕೆ ಬರುವ ಹಾಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಬಂದಿದ್ದು 2025ರ ಜುಲೈನಲ್ಲಿ. ನಾಡಿಗೆಲ್ಲ ಬೆಳಕು ಕೊಟ್ಟವರಿಗೆ ಒಂದು ಸೇತುವೆಗೆ ಅರವತ್ತು ವರ್ಷ! ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಗ ಹುಡುಗಿ ಪಾವಗಡದ ಮಾತು ತೆಗೆದಳು. ಅಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಹಿಡಿದಿದೆ. ಆದರೆ ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಬಾಡಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಏರಿಕೆ. ಜಮೀನು ಅವರ ಹೆಸರಿನಲ್ಲೇ ಉಳಿಯುತ್ತದೆ. ಅಜ್ಜನ ಕೈ ನಿಂತಿತು. "ಬಾಡಿಗೆಯಾ?" ಅಂತ ಇನ್ನೊಮ್ಮೆ ಕೇಳಿದರು. "ಜಮೀನಿಲ್ಲದೆ ಕೂಲಿಗೆ ಹೋಗ್ತಿದ್ದವರಿಗೆ?" ಅವರಿಗೆ ಬಾಡಿಗೆ ಇಲ್ಲ ಅಂತ ಹೇಳಬೇಕಾಯಿತು.

ಪರಮಾಣು ವಿದ್ಯುತ್ತಿನ ಚರ್ಚೆ ಎಲ್ಲೇ ನಡೆಯಲಿ, ಸುರಕ್ಷತೆ ಮತ್ತು ಖರ್ಚಿಗೇ ಮುಗಿದುಹೋಗುತ್ತದೆ. ಜಾಗ ಕೊಟ್ಟ ಊರಿಗೆ ಪ್ರತಿ ಯೂನಿಟ್ಟಿನಲ್ಲಿ ಪಾಲು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಐದು, ಆರನೇ ಘಟಕ ಬರುತ್ತಿವೆ. 2047ಕ್ಕೆ ದೇಶದಲ್ಲಿ 100 ಗಿಗಾವ್ಯಾಟ್ ಪರಮಾಣು ವಿದ್ಯುತ್ ಅನ್ನುವುದು ಕೇಂದ್ರದ ಗುರಿ. ಬರಲಿ, ಕಲ್ಲಿದ್ದಲು ಹೋಗಲೇಬೇಕು ಅನ್ನುವವಳು ನಾನು. ಆದರೆ ಪಾಲು ಕಾಗದದಲ್ಲಿ ಬರೆದು, ಸ್ಥಾವರ ಓಡುವಷ್ಟು ಕಾಲವೂ ಕೊಡಲಿ. ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆಯೂ ನನ್ನ ತಕರಾರು ಇದೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಕಾದಾಗ ಮತ್ತೆ ಕೆಳಕ್ಕೆ ಬಿಟ್ಟು ಕರೆಂಟು ತೆಗೆಯುವ ವ್ಯವಸ್ಥೆ ಅದು. ಎತ್ತಲು ತಿನ್ನುವ ಕರೆಂಟು ಬಿಡುವಾಗ ಸಿಗುವುದಕ್ಕಿಂತ ಜಾಸ್ತಿ. ಹೊಸ ವಿದ್ಯುತ್ ಹುಟ್ಟುವುದಿಲ್ಲ, ಇದ್ದದ್ದನ್ನು ಕೂಡಿಡುತ್ತದೆ ಅಷ್ಟೇ. ಅದಕ್ಕೆ ಸಿಂಗಳೀಕಗಳ ಕಾಡೇ ಆಗಬೇಕಾ?

ಸ್ಪರ್ಧೆ ಮುಗಿದ ಸಂಜೆ ಹುಡುಗಿ ಫೋನ್ ಮಾಡಿದಳು. ಬಾಡಿಗೆಯ ಮಾತು ವಿಷಯಕ್ಕೆ ಸಂಬಂಧವಿಲ್ಲ ಅಂತ ಅಂಕ ಕಡಿಮೆ ಬಂತಂತೆ. ಆದರೆ ಕಾರವಾರ ಕಡೆಯ ಒಬ್ಬ ಹುಡುಗಿ ಹುಡುಕಿಕೊಂಡು ಬಂದಿದ್ದಳು. ಕೈಗಾಕ್ಕೆ ನೀರು ಕೊಡುವ ಕದ್ರಾ ಆಣೆಕಟ್ಟಿಗಾಗಿ ಅವಳ ಅಜ್ಜಿಯ ಊರು ಎತ್ತಂಗಡಿಯಾಗಿತ್ತು. ಆ ಊರಿನವರಿಗೆ ಏನು ಕೊಟ್ಟರು, ಏನು ಕೊಡಲಿಲ್ಲ ಅಂತ ಇಬ್ಬರೂ ಕೂತು ಮನೆಮನೆ ಕೇಳಿ ಬರೆಯಲು ಹೊರಟಿದ್ದಾರೆ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತೇನೆ. ತುಮರಿಯ ಅಜ್ಜನೂ ಬರುತ್ತೇನೆ ಅಂದಿದ್ದಾರೆ, ಕೊಯ್ಲು ಮುಗಿದ ಮೇಲೆ.