ನವೆಂಬರ್ 2ರ ಸಂಜೆ, ಸುಣ್ಣ ಬಳಿದ ಸಮಾಧಿಗಳ ನಡುವೆ

ದಾವಣಗೆರೆಯಲ್ಲಿ ಕ್ರೈಸ್ತರ ಸತ್ತವರ ಹಬ್ಬದ ಕೆಲಸ ಅಕ್ಟೋಬರ್ ಕೊನೆಯ ವಾರವೇ ಶುರುವಾಗುತ್ತದೆ. ಮಳೆಗೆ ಎದೆಮಟ್ಟ ಬೆಳೆದ ಕಾಂಗ್ರೆಸ್ ಕಳೆಯನ್ನು ಬೇರುಸಮೇತ ಕೀಳಬೇಕು. ಬರೀ ಕೊಯ್ದರೆ ಹಬ್ಬದ ಹೊತ್ತಿಗೆ ಮತ್ತೆ ಚಿಗುರಿರುತ್ತದೆ. ಸುಣ್ಣವನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸಮಾಧಿಯ ಕಟ್ಟೆಯನ್ನು ಒದ್ದೆ ಮಾಡಿಕೊಂಡು ತೆಳ್ಳಗೆ ಎರಡು ಸಲ ಬಳಿಯುವುದು. ಅವಸರಕ್ಕೆ ಒಂದೇ ಸಲ ದಪ್ಪಗೆ ಬಳಿದರೆ ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದುಬಿಡುತ್ತದೆ. ಎರೆಮಣ್ಣಿನ ಜಾಗವಾದರೆ ಹೂಳಿದ ವರ್ಷವೇ ಸಿಮೆಂಟ್ ಕಟ್ಟೆ ಕಟ್ಟಿಸಬಾರದು. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಮಣ್ಣದು, ಕಟ್ಟೆ ಒಂದು ಮಗ್ಗುಲಿಗೆ ವಾಲುತ್ತದೆ. ಒಂದು ಮಳೆಗಾಲವಾದರೂ ಕಳೆಯಲಿ. ಹೆಸರಿನ ಕಲ್ಲಿಗೆ ಮಾತ್ರ ಸುಣ್ಣ ತಾಗಕೂಡದು. ಅಕ್ಷರಗಳಿಗೆ ಕಪ್ಪು ಬಣ್ಣ ತುಂಬಿದರೆ ಸಾಕು.

ಸಂಜೆ ಬಲಿಪೂಜೆ (ಚರ್ಚಿನ ಮಾಸ್) ಮುಗಿಸಿ ಗುರುಗಳು ಸಾಲುಸಾಲಾಗಿ ತೀರ್ಥ ಚಿಮುಕಿಸುತ್ತ ಬರುತ್ತಾರೆ. ಹರಿಹರ, ಭದ್ರಾವತಿ ಕಡೆಯ ನೆಂಟರೆಲ್ಲ ಸೇರಿರುತ್ತಾರೆ. ಸೇವಂತಿಗೆ, ಚೆಂಡುಹೂವಿನ ವಾಸನೆ. ಈ ಬಯಲುಸೀಮೆಯ ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ, ಅರ್ಧ ತೆಂಗಿನ ಚಿಪ್ಪಿನಲ್ಲಿ ಮರಳು ತುಂಬಿ ನೆಟ್ಟರೆ ಉರಿಯುತ್ತದೆ.

ಆ ಬೆಳಕಿನಲ್ಲಿ ಪ್ರತಿ ವರ್ಷ ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ: "ಅಜ್ಜಿ, ಅಲ್ಲಿ ಅಜ್ಜ ನಮ್ಮನ್ನ ಗುರ್ತು ಹಿಡೀತಾನಾ?"

"ಅಜ್ಜ ನಕ್ಷತ್ರ ಆಗ್ಯಾನೆ", "ದೇವದೂತ ಆಗ್ಯಾನೆ" ಎಂದು ಸಮಾಧಾನ ಹೇಳುವವರಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕ್ರೈಸ್ತ ನಂಬಿಕೆ ಅದಲ್ಲ. ಸತ್ತ ಮನುಷ್ಯ ದೇವದೂತನಾಗುವುದಿಲ್ಲ, ಮನುಷ್ಯನಾಗಿಯೇ ಉಳಿಯುತ್ತಾನೆ; ಕೊನೆಯ ದಿನ ದೇಹಸಮೇತ ಏಳುತ್ತಾನೆ. ಮಗುವಿಗೆ ಕೊಡಬೇಕಾದ ಉತ್ತರ ಬೈಬಲಿನ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಪುನರುತ್ಥಾನವಾದ ಯೇಸುವನ್ನು ಆತನ ಶಿಷ್ಯೆ ಮಗ್ದಲದ ಮರಿಯ ಮೊದಲು ತೋಟಗಾರನೆಂದುಕೊಳ್ಳುತ್ತಾಳೆ. ಆತ "ಮರಿಯಾ" ಎಂದು ಹೆಸರು ಹಿಡಿದು ಕರೆದೊಡನೆ ಗುರುತು ಸಿಗುತ್ತದೆ. ಕೈಯ ಗಾಯದ ಗುರುತೂ ಹಾಗೆಯೇ ಇತ್ತು. ದೇಹ ಬೇರೆ ತರಹದ್ದು, ಆಳು ಅದೇ.

ಸಂತ ಪೌಲ ಥೆಸಲೋನಿಕ ಪಟ್ಟಣದ ಕ್ರೈಸ್ತರಿಗೆ ಬರೆದದ್ದೂ ಇದೇ ಅಳಲಿಗೆ ಉತ್ತರವಾಗಿ. ಪ್ರಭು ಯೇಸು ಮರಳಿ ಬರುವ ಮೊದಲೇ ತೀರಿಕೊಂಡ ನಮ್ಮವರ ಗತಿ ಏನು ಎಂಬ ಚಿಂತೆ ಅವರಿಗೆ. ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ಅಳಬೇಡಿ ಎನ್ನುವುದಿಲ್ಲ, ನಿರೀಕ್ಷೆಯೇ ಇಲ್ಲದವರ ಹಾಗೆ ಅಳಬೇಡಿ ಎನ್ನುತ್ತಾನೆ. ಬದುಕಿರುವವರು "ಅವರ ಸಂಗಡ" ಪ್ರಭುವನ್ನು ಎದುರುಗೊಳ್ಳುತ್ತಾರೆ ಎಂಬ ಮಾತು ಅಲ್ಲಿದೆ. ಈ ದಿನ ಓದುವಾಗ ಆ ಎರಡು ಪದಗಳ ಮೇಲೆ ಒಂದು ಕ್ಷಣ ನಿಲ್ಲಬೇಕು.

ಕಷ್ಟದ ಪ್ರಶ್ನೆ ವಿಧವೆಯರದು, ಮರುಮದುವೆಯಾದವರದು. ಏಳು ಮಂದಿ ಅಣ್ಣತಮ್ಮಂದಿರನ್ನು ಒಬ್ಬರ ಬಳಿಕ ಒಬ್ಬರಂತೆ ಮದುವೆಯಾದವಳು ಪುನರುತ್ಥಾನದಲ್ಲಿ ಯಾರ ಹೆಂಡತಿ ಎಂದು ಸದ್ದುಕಾಯರೆಂಬ ಯೆಹೂದಿ ಪಂಗಡದವರು ಯೇಸುವನ್ನು ಕೇಳಿದ್ದರು. ಪುನರುತ್ಥಾನವನ್ನೇ ಒಪ್ಪದ ಅವರಿಗೆ, ಅಲ್ಲಿ ಮದುವೆ ಇಲ್ಲ ಎಂಬ ಉತ್ತರ ಸಿಕ್ಕಿತು. ಅದನ್ನು ಕೇಳಿ "ಹಂಗಾದ್ರೆ ಅವರು ನನಗೆ ಯಾರೂ ಅಲ್ವಾ ಫಾದರ್?" ಎಂದು ಕಣ್ಣೀರಿಡುವ ತಾಯಂದಿರಿದ್ದಾರೆ. ಸಾವಿಗೆ ಮುಗಿಯುವುದು ಮದುವೆಯ ಕಟ್ಟು, ಪ್ರೀತಿಯಲ್ಲ. ತೀರಿಹೋದ ಇಬ್ಬರು ಗಂಡಂದಿರಿಗೂ ಒಂದೊಂದು ಬತ್ತಿ ಹಚ್ಚುವುದರಲ್ಲಿ ತಪ್ಪೇನೂ ಇಲ್ಲ.

ಕಥೋಲಿಕರು ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಪ್ರಾರ್ಥಿಸಿದರೆ, ಶುದ್ಧೀಕರಣ ಸ್ಥಳದಲ್ಲಿರುವವರಿಗಾಗಿ, ಅಂದರೆ ಸ್ವರ್ಗ ಸೇರುವ ಮೊದಲು ಶುದ್ಧಿಯಾಗುತ್ತಿರುವ ಆತ್ಮಗಳಿಗಾಗಿ, ದಿನಕ್ಕೊಂದು ಪೂರ್ಣ ದಂಡವಿಮೋಚನೆ (ಪಾಪಕ್ಕೆ ಉಳಿದ ಶಿಕ್ಷೆಯಿಂದ ಬಿಡುಗಡೆ) ಪಡೆಯಬಹುದು. ಜೊತೆಗೆ ಗುರುಗಳ ಮುಂದೆ ಪಾಪನಿವೇದನೆ, ಬಲಿಪೂಜೆಯ ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಬೇಕು; ಪಾಪದ ಮೇಲೆ ಯಾವ ಆಸೆಯೂ ಉಳಿದಿರಬಾರದು. ಬಹುಪಾಲು ಜನ ತಪ್ಪುವುದು ಪಾಪನಿವೇದನೆಯಲ್ಲೇ. ಹಬ್ಬದ ದಿನದ ನೂಕುನುಗ್ಗಲಿಗೆ ಬಿಡದೆ ಆಸುಪಾಸಿನ ದಿನಗಳಲ್ಲೇ ಮುಗಿಸಿಕೊಳ್ಳಬಹುದು. ಪ್ರಾಟೆಸ್ಟೆಂಟ್ ನೆಂಟರು ಸಾಮಾನ್ಯವಾಗಿ ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ಹೂವಿಟ್ಟು, ಅವರ ಬಾಳಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಾರೆ. ಮತ್ತೆ ಕಾಣುತ್ತೇವೆಂಬ ನಿರೀಕ್ಷೆ ಎರಡೂ ಕಡೆ ಒಂದೇ.

ಕತ್ತಲಾದ ಮೇಲೆ ಮಿಕ್ಕ ಬತ್ತಿಗಳನ್ನು ಹಿಡಿದು ಮಕ್ಕಳು ಹಿಂದಿನ ಸಾಲುಗಳಿಗೆ ಹೋಗುತ್ತಾರೆ. ಅಲ್ಲಿನ ಮನೆಯವರು ಊರು ಬಿಟ್ಟು ಬಹಳ ದಿನವಾಗಿದೆ. ಅಕ್ಷರ ಸವೆದ ಕಲ್ಲಿನ ಮೇಲೆ ಬೆರಳಾಡಿಸಿ, ಕೂಡಿಸಿ ಕೂಡಿಸಿ ಹೆಸರನ್ನು ಜೋರಾಗಿ ಓದಿ, ಆಮೇಲೆ ಬತ್ತಿ ನೆಡುತ್ತಾರೆ.